ಚಿಕ್ಕ ಕ್ಲಬ್ಬಿನ ಗಿಗ್‌ಗೆ ಹೋಗುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ತಾವೇ ಹಾಡು ಬರೆದು, ತಾವೇ ಗಿಟಾರ್ ಹಿಡಿದು ಹಾಡುವವರನ್ನು ಕೇಳಲು ಬೆಂಗಳೂರಿನ ಸಣ್ಣಪುಟ್ಟ ಕ್ಲಬ್ಬುಗಳಿಗೆ ಹೋಗಲು ಶುರು ಮಾಡಿ ನನಗೆ ಹತ್ತು ವರ್ಷದ ಮೇಲಾಯಿತು. ಇಂಥ ಸಣ್ಣ ಕಛೇರಿಗೇ ಗಿಗ್ ಅನ್ನುವುದು. ನಮ್ಮ ಮನೆ ಹನುಮಂತನಗರದಲ್ಲಿ. ಆ ಕಡೆಯವರಿಗೆ ಇದು ಸ್ವಲ್ಪ ವಿಚಿತ್ರ ಹವ್ಯಾಸ. ಹಾಗಾಗಿ ಮದುವೆ ಊಟದ ಪಂಕ್ತಿಯಲ್ಲಿ, ಆಫೀಸಿನ ಕ್ಯಾಬ್‌ನಲ್ಲಿ, ವಾಟ್ಸಾಪ್‌ನಲ್ಲಿ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಎಷ್ಟೋ ಪ್ರಶ್ನೆಗಳ ಹಿಂದೆ ಇರುವುದು ಒಂದೇ ಅಳುಕು: ಅದು ನಮ್ಮಂಥವರು ಹೋಗುವ ಜಾಗ ಹೌದೋ ಅಲ್ವೋ ಅಂತ. ಹೌದು. ಮಿಕ್ಕಿದ್ದು ಒಂದೊಂದಾಗಿ ನೋಡೋಣ.

## ಹೋಗುವ ಮುಂಚೆ

ಇಂಡೀ ಅಂದ್ರೆ ಏನು? ಇಂಗ್ಲಿಷ್ ಹಾಡಾ?

ಅಲ್ಲ. ಇಂಡಿಪೆಂಡೆಂಟ್ ಅನ್ನುವುದನ್ನೇ ಮೊಟಕು ಮಾಡಿ ಇಂಡೀ ಅನ್ನುತ್ತಾರೆ. ಸಿನಿಮಾಕ್ಕೆ ಅಂತಲೋ ದೊಡ್ಡ ಆಡಿಯೋ ಕಂಪನಿಗೆ ಅಂತಲೋ ಅಲ್ಲದೆ, ತಮ್ಮ ಪಾಡಿಗೆ ತಾವು ಹಾಡು ಕಟ್ಟಿ, ತಾವೇ ಜನಕ್ಕೆ ಮುಟ್ಟಿಸುವವರು. ಭಾಷೆ ಯಾವುದಾದರೂ ಆಗಬಹುದು. ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಸ್ವರಾತ್ಮ ತಂಡ ಅದಕ್ಕಿಂತ ಹಳೆಯದು. ಸಿನಿಮಾದ ಹಂಗಿಲ್ಲದೆಯೂ ಕನ್ನಡ ಹಾಡು ಗಿಟಾರ್ ಜೊತೆ ವೇದಿಕೆ ಮೇಲೆ ನಿಲ್ಲಬಹುದು ಅಂತ ಈ ಊರು ಕಂಡದ್ದು ಇವರಿಂದ.

ನಮ್ಮ ಅಪ್ಪ ಒಮ್ಮೆ ಕೇಳಿದರು, 'ಹಾಗಾದರೆ ಇದು ಭಾವಗೀತೆ ಥರಾನಾ?' ಪೂರ್ತಿ ಅಲ್ಲ. ಭಾವಗೀತೆಯಲ್ಲಿ ಬೇಂದ್ರೆ, ಕುವೆಂಪು ಬರೆದರು; ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ರಾಗ ಹಾಕಿ ಹಾಡಿದರು. ಬರೆದವರು ಒಬ್ಬರು, ಹಾಡಿದವರು ಇನ್ನೊಬ್ಬರು. ಇಲ್ಲಿ ಎರಡೂ ಕೆಲಸ ಒಬ್ಬರದೇ. ಹಾಗೆ ನೋಡಿದರೆ ಪುರಂದರದಾಸರು, ಶಿಶುನಾಳ ಷರೀಫರು ಇವರಿಗೆ ಹೆಚ್ಚು ಹತ್ತಿರ. ಅಪ್ಪನಿಗೆ ಹೀಗೆ ಹೇಳಿದ್ದಕ್ಕೆ ನಕ್ಕರು. ಆದರೆ ಮುಂದಿನ ತಿಂಗಳು ಜೊತೆಗೆ ಬಂದರು.

ಕ್ಲಬ್ ಅಂತೀರಲ್ಲ, ಮೆಂಬರ್‌ಶಿಪ್ ಬೇಕಾ?

ಬೇಡ. ಬೆಂಗಳೂರಿನಲ್ಲಿ ಕ್ಲಬ್ ಅಂದ ಕೂಡಲೇ ಬೌರಿಂಗ್, ಸೆಂಚುರಿ ಕ್ಲಬ್ ನೆನಪಾಗುವುದು ಸಹಜ. 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ ಸೆಂಚುರಿ ಕ್ಲಬ್ಬಿಗೆ ಸದಸ್ಯರೋ ಸದಸ್ಯರ ಅತಿಥಿಗಳೋ ಆಗಿರಬೇಕು. ನಾನು ಹೇಳುತ್ತಿರುವ ಕ್ಲಬ್ ಅದಲ್ಲ. ಒಂದು ಮೂಲೆಯಲ್ಲಿ ವೇದಿಕೆ ಇರುವ ಪಬ್ಬೋ ರೆಸ್ಟೋರೆಂಟೋ. ನೂರು, ಹೆಚ್ಚೆಂದರೆ ಇನ್ನೂರು ಜನ ಹಿಡಿಯುತ್ತದೆ. ಟಿಕೆಟ್ ಇದ್ದರೆ ಸಾಕು.

ಎಲ್ಲಾ ಇಂದಿರಾನಗರ, ಕೋರಮಂಗಲದಲ್ಲೇನಾ? ನಮ್ಮ ಬಸವನಗುಡಿ ಕಡೆ ಏನೂ ಇಲ್ವಾ?

ಈ ದೂರು ನನ್ನದೂ ಹೌದು. ಬಸವನಗುಡಿ, ಚಾಮರಾಜಪೇಟೆಯವರಿಗೆ ಕಛೇರಿ ಕೇಳುವುದು ಹೊಸದಲ್ಲ. ರಾಮನವಮಿ ಬಂದರೆ ಕೋಟೆ ಹೈಸ್ಕೂಲ್ ಮೈದಾನ ತುಂಬುತ್ತದೆ. ಆದರೆ ಗಿಟಾರ್ ಗಿಗ್‌ಗಳು ಮಾತ್ರ ಊರಿನ ಪೂರ್ವದಲ್ಲೇ ಜಾಸ್ತಿ. ಕೋರಮಂಗಲದಲ್ಲಿ ಫ್ಯಾಂಡಮ್ ಇದೆ. ವೈಟ್‌ಫೀಲ್ಡ್‌ನಲ್ಲಿ ವಿಂಡ್‌ಮಿಲ್ಸ್ ಇದೆ, ಅಲ್ಲಿ ಜಾಝ್ ಕಡೆಗೆ ಒಲವು. ಇಂದಿರಾನಗರದ ಹಮ್ಮಿಂಗ್ ಟ್ರೀ 2013ರಿಂದ 2019ರವರೆಗೆ ಇತ್ತು. ಇವತ್ತು ದೊಡ್ಡ ಹೆಸರು ಮಾಡಿರುವ ಎಷ್ಟೋ ಮಂದಿ ಅಲ್ಲಿ ಹಾಡಿದವರೇ. ಮುಚ್ಚಿದಾಗ ನಮ್ಮ ಗುಂಪಿನವರು ಸೂತಕದ ಮನೆಗೆ ಹೋದ ಹಾಗೆ ಹೋಗಿ ಬಂದೆವು.

ಪಬ್ ಬೇಡವೆಂದರೆ ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಇದೆ. ಅಲ್ಲಿ ಬಹಳಷ್ಟು ಕಾರ್ಯಕ್ರಮ ಉಚಿತ. ಜೆ.ಪಿ. ನಗರದಲ್ಲಿ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಅನ್ನುವ ಸಂಗೀತ ಮ್ಯೂಸಿಯಂ ಇದೆ, 2019ರಲ್ಲಿ ತೆರೆದದ್ದು. ಅಲ್ಲೂ ಕಛೇರಿಗಳು ನಡೆಯುತ್ತವೆ. ದಕ್ಷಿಣದವರಿಗೆ ಅದೇ ಹತ್ತಿರ.

ಟಿಕೆಟ್ ಎಷ್ಟಿರತ್ತೆ? ಎಲ್ಲಾ ಕಡೆ 499 ಅಂತ ಯಾಕೆ ಇರತ್ತೆ, ಬಾಟಾ ಚಪ್ಪಲಿ ಥರ?

ಈಗೀಗ ಹಾಡುತ್ತಿರುವವರದಾದರೆ 300ರಿಂದ 600 ರೂಪಾಯಿ ಒಳಗೆ ಸಿಗುತ್ತದೆ. ಸ್ವಲ್ಪ ಹೆಸರಾದವರಿಗೆ ಸಾವಿರ ದಾಟುತ್ತದೆ.

499ರ ಹಿಂದೆ ಬಾಟಾ ಲೆಕ್ಕ ಒಂದೇ ಇಲ್ಲ, ತೆರಿಗೆಯ ಲೆಕ್ಕವೂ ಇದೆ. ಸಂಗೀತ ಕಛೇರಿಯ ಟಿಕೆಟ್ ತಲೆಗೆ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲ. ಮೀರಿದರೆ 18 ಶೇಕಡಾ. ಅಂದರೆ ಆಯೋಜಕರು 550 ಇಟ್ಟರೆ ತೆರಿಗೆ ಸೇರಿ ನಿಮಗೆ 649 ಆಗುತ್ತದೆ. ಅದಕ್ಕೇ ಸಣ್ಣ ಗಿಗ್‌ಗಳು 500ರ ಗೆರೆ ದಾಟಲು ಹಿಂದೆ ಮುಂದೆ ನೋಡುತ್ತವೆ. ಬುಕಿಂಗ್ ಆ್ಯಪ್ ತನ್ನ ಶುಲ್ಕವನ್ನು ಬೇರೆಯಾಗಿ ಸೇರಿಸುತ್ತದೆ, ಅದು ಬೇರೆ ಕಥೆ.

ಇನ್ನೊಂದು ಗಮನಿಸಿ. 'ಕವರ್ ಚಾರ್ಜ್' ಅಂತ ಬರೆದಿದ್ದರೆ ಆ ದುಡ್ಡಿಗೆ ಒಳಗೆ ತಿನ್ನಬಹುದು, ಕುಡಿಯಬಹುದು. 'ಎಂಟ್ರಿ' ಅಂತಿದ್ದರೆ ಅದು ಹಾಡಿಗೆ ಮಾತ್ರ. ಬಾಗಿಲಲ್ಲಿ ನಿಂತು ಜಗಳ ಆಡುವವರಲ್ಲಿ ಅರ್ಧ ಜನ ಈ ಎರಡನ್ನು ಕಲಸಿಕೊಂಡವರು.

ನಾನು ಕುಡಿಯಲ್ಲ. ಹೋದ್ರೆ ಸುಮ್ನೆ ವಿಚಿತ್ರವಾಗಿ ನೋಡ್ತಾರಾ?

ಯಾರೂ ನೋಡುವುದಿಲ್ಲ. ನಾನು ಹತ್ತು ವರ್ಷದಿಂದ ಫ್ರೆಶ್ ಲೈಮ್ ಸೋಡಾ ಕುಡಿಯುತ್ತಾ ಬದುಕಿದ್ದೇನೆ. ಆದರೆ ಒಂದು ಮಾತು. ಟಿಕೆಟ್ ಬಿಟ್ಟು ಇಡೀ ಸಂಜೆ ಏನೂ ತೆಗೆದುಕೊಳ್ಳದೆ ನಾಲ್ಕು ಜನರ ಟೇಬಲ್ ಹಿಡಿದು ಕೂತರೆ ಜಾಗದವರಿಗೆ ಹೊಟ್ಟೆ ಉರಿಯುವುದು ನ್ಯಾಯವೇ. ಒಂದು ಪ್ಲೇಟ್ ಫ್ರೈಸ್ ಆದರೂ ತೆಗೆದುಕೊಳ್ಳಿ.

ಮದ್ಯ ಇರುವ ಜಾಗ ಆದ್ದರಿಂದ ಎಷ್ಟೋ ಕಡೆ 21 ವರ್ಷ ಆಗಿರದಿದ್ದರೆ ಒಳಗೆ ಬಿಡುವುದಿಲ್ಲ. ಟಿಕೆಟ್ ಮೇಲೆ ಬರೆದಿರುತ್ತದೆ, ಓದಿ. ಗುರುತಿನ ಚೀಟಿ ಇಟ್ಟುಕೊಳ್ಳಿ, ಮೊಬೈಲಿನ ಡಿಜಿಲಾಕರ್ ನಡೆಯುತ್ತದೆ. ಪಿಯುಸಿ ಓದುವ ಮಗಳನ್ನು ಕರೆದುಕೊಂಡು ಹೋಗಿ ಬಾಗಿಲಿಂದ ವಾಪಸ್ ಬಂದ ಅಮ್ಮಂದಿರನ್ನು ನೋಡಿದ್ದೇನೆ. ಪಾಪ, ಆ ಮಗು ಎಲ್ಲಾ ಹಾಡೂ ಬಾಯಿಪಾಠ ಮಾಡಿಕೊಂಡು ಬಂದಿರುತ್ತದೆ.

ಒಬ್ಬಳೇ ಹೋಗಬಹುದಾ?

ಹೋಗಬಹುದು. ಅರ್ಧಕ್ಕರ್ಧ ಗಿಗ್‌ಗಳಿಗೆ ನಾನು ಒಬ್ಬಳೇ ಹೋಗಿದ್ದೇನೆ. ಸಿನಿಮಾಗೆ ಒಬ್ಬಳೇ ಹೋಗುವುದಕ್ಕಿಂತ ಇದು ಸಲೀಸು, ಯಾಕೆಂದರೆ ಎಲ್ಲರೂ ವೇದಿಕೆ ಕಡೆ ಮುಖ ಮಾಡಿ ನಿಂತಿರುತ್ತಾರೆ. ಬೇಗ ಹೋಗಿ. ಬಾರ್ ಕೌಂಟರಿನ ತುದಿಯ ಸ್ಟೂಲ್ ಸಿಕ್ಕರೆ ಹಿಡಿದುಕೊಳ್ಳಿ. ಬೆನ್ನಿಗೆ ಗೋಡೆ, ಎದುರಿಗೆ ವೇದಿಕೆ, ಏನಾದರೂ ಬೇಕಾದರೆ ಕೈಗೆ ಸಿಗುವ ಹಾಗೆ ಸಿಬ್ಬಂದಿ. ನಿಮ್ಮ ಗ್ಲಾಸ್ ನಿಮ್ಮ ಕೈಯಲ್ಲೇ ಇರಲಿ. ಮೊಬೈಲ್ ಪೂರ್ತಿ ಚಾರ್ಜ್ ಆಗಿರಲಿ. ಮನೆಯವರಿಗೆ ಹೇಳುವಾಗ 'ಪಬ್‌ಗೆ' ಅನ್ನುವ ಬದಲು 'ಕಛೇರಿಗೆ' ಅಂದರೂ ಸುಳ್ಳಾಗುವುದಿಲ್ಲ.

ಏನು ಹಾಕ್ಕೊಂಡು ಹೋಗ್ಬೇಕು?

ಎರಡು ಗಂಟೆ ನಿಲ್ಲಲು ಆಗುವ ಚಪ್ಪಲಿ, ಶೂ. ಮಿಕ್ಕಿದ್ದು ನಿಮ್ಮಿಷ್ಟ. ಕೆಲವು ಕಡೆ ಗಂಡಸರಿಗೆ ಹವಾಯಿ ಚಪ್ಪಲಿ, ಚಡ್ಡಿ ಬಿಡುವುದಿಲ್ಲ.

ಎಂಟಕ್ಕೆ ಅಂತ ಹಾಕಿದಾರೆ. ನಿಜವಾಗ್ಲೂ ಎಷ್ಟಕ್ಕೆ ಶುರು ಆಗತ್ತೆ?

ಎಂಟಕ್ಕೆ ಬಾಗಿಲು ತೆಗೆಯುತ್ತಾರೆ. ಎಂಟೂವರೆ ಹೊತ್ತಿಗೆ ಇನ್ನೊಬ್ಬರು, ಹೆಸರು ಕೇಳಿರದವರು, ಮೊದಲಿಗೆ ನಾಲ್ಕೈದು ಹಾಡು ಹಾಡುತ್ತಾರೆ. ನೀವು ಕೇಳಲು ಬಂದವರು ಒಂಬತ್ತು, ಒಂಬತ್ತೂಕಾಲಕ್ಕೆ. ಕರ್ನಾಟಕ ಸಂಗೀತದ ಸಭೆಯಲ್ಲಿ ಆರು ಅಂದರೆ ಆರಕ್ಕೆ ವರ್ಣ ಶುರುವಾಗುವುದನ್ನು ನೋಡಿ ಬೆಳೆದವರಿಗೆ ಇದು ಕಿರಿಕಿರಿ. ಆದರೂ ಎಂಟೂವರೆಗೇ ಹೋಗಿ. ಆ ಹೆಸರು ಕೇಳಿರದವರಲ್ಲೇ ನನಗೆ ಅತಿ ಇಷ್ಟದ ಇಬ್ಬರು ಸಿಕ್ಕಿದ್ದು.

ರಾತ್ರಿ ಮನೆಗೆ ಬರೋದು ಹೇಗೆ?

ಇದನ್ನು ಟಿಕೆಟ್ ತೆಗೆಯುವ ಮುಂಚೆಯೇ ಯೋಚಿಸಿ. ಇಂದಿರಾನಗರ, ವೈಟ್‌ಫೀಲ್ಡ್ ನೇರಳೆ ಮಾರ್ಗದ ಮೇಲಿವೆ. ಕೊನೆಯ ನಿಲ್ದಾಣಗಳಿಂದ ಕಡೇ ರೈಲು ಹೊರಡುವುದು ರಾತ್ರಿ 11ರ ಆಸುಪಾಸು, ಮೆಜೆಸ್ಟಿಕ್‌ನಿಂದ 11:30ರ ಸುಮಾರು. ಆ ದಿನದ ವೇಳೆಯನ್ನು ನಮ್ಮ ಮೆಟ್ರೋ ಆ್ಯಪ್‌ನಲ್ಲಿ ನೋಡಿಕೊಂಡು ಹೊರಡಿ. ಇಂದಿರಾನಗರದಲ್ಲಿ ಹತ್ತೂ ಮುಕ್ಕಾಲಿಗೆ ಗಿಗ್ ಮುಗಿದರೆ ಓಡಿ ಹಿಡಿಯಬಹುದು. ಕೋರಮಂಗಲದ ಒಳಗೆ ಮೆಟ್ರೋ ಇಲ್ಲ, ಅಲ್ಲಿಂದ ಆಟೋನೇ ಗತಿ. ಶನಿವಾರ ಹನ್ನೊಂದರ ಮೇಲೆ ಪಬ್‌ಗಳ ಬಾಗಿಲಲ್ಲೇ ಆಟೋ ಹುಡುಕಬೇಡಿ. ಎರಡು ಅಡ್ಡರಸ್ತೆ ದಾಟಿ ಮುಖ್ಯರಸ್ತೆಗೆ ಬನ್ನಿ, ಬಾಡಿಗೆ ಅಲ್ಲೇ ಇಳಿಯುತ್ತದೆ.

## ಒಳಗೆ ಹೋದ ಮೇಲೆ

ಎಲ್ಲಿ ನಿಂತ್ರೆ ಚೆನ್ನಾಗಿ ಕೇಳ್ಸತ್ತೆ? ಮುಂದೇನಾ?

ನೋಡಲು ಮುಂದೆ, ಕೇಳಲು ಮಧ್ಯ.

ಒಳಗೆ ಹೋದ ಕೂಡಲೇ ಸೌಂಡ್ ಇಂಜಿನಿಯರ್ ಎಲ್ಲಿ ಕೂತಿದ್ದಾರೆ ನೋಡಿ. ಗುಂಡಿಗಳು, ಲೈಟುಗಳು ತುಂಬಿದ ದೊಡ್ಡ ಮಿಕ್ಸರ್ ಮುಂದೆ ಕೂತಿರುತ್ತಾರೆ. ಅವರು ತಮ್ಮ ಕಿವಿಗೆ ಸರಿ ಕಾಣುವ ಹಾಗೆ ಹದ ಮಾಡುತ್ತಾರೆ. ಅವರ ಕಿವಿ ಇರುವ ಜಾಗದಲ್ಲಿ ನಿಮ್ಮ ಕಿವಿ ಇದ್ದರೆ ಅದೇ ಹದ ನಿಮಗೂ ಸಿಗುತ್ತದೆ. ಎಷ್ಟೋ ಸಣ್ಣ ಜಾಗಗಳಲ್ಲಿ ಪಾಪ ಅವರನ್ನು ಮೂಲೆಗೆ ತಳ್ಳಿರುತ್ತಾರೆ. ಆಗ ಎರಡೂ ಸ್ಪೀಕರ್‌ಗಳಿಂದ ಸಮ ದೂರದಲ್ಲಿ, ಹಾಲಿನ ಮಧ್ಯಕ್ಕಿಂತ ಸ್ವಲ್ಪ ಹಿಂದೆ ನಿಲ್ಲಿ.

ಮೂಲೆ ಮತ್ತು ಹಿಂಗೋಡೆ ಬೇಡ. ಅಲ್ಲಿ ಮಂದ್ರದ ಸದ್ದು ಗುಡ್ಡೆ ಬೀಳುತ್ತದೆ, ಎಲ್ಲವೂ ಗುಂ ಗುಂ ಅನ್ನುತ್ತದೆ, ಮಾತು ತಿಳಿಯುವುದಿಲ್ಲ. ಬರೆದು ಹಾಡುವವರ ಹಾಡಿನಲ್ಲಿ ಮಾತೇ ತಿಳಿಯದಿದ್ದರೆ ಇನ್ನೇನು ಬಂತು? ಸ್ಪೀಕರ್ ಎದುರಿಗೆ ಅಂಟಿಕೊಂಡು ನಿಲ್ಲುವುದೂ ಬೇಡ. ಇನ್ನು ವೇದಿಕೆಗೆ ತೀರಾ ಹತ್ತಿರ ನಿಂತರೆ, ಸ್ಪೀಕರ್‌ಗಳ ಸದ್ದು ನಿಮ್ಮ ಆಚೀಚೆ ದಾಟಿ ಹೋಗುತ್ತದೆ. ದನಿ ಮಂಕಾಗಿ, ಗಿಟಾರಿನ ತಂತಿ ಮಾತ್ರ ನೇರ ಕೇಳುತ್ತದೆ. ಕೆಲವರಿಗೆ ಅದೇ ಇಷ್ಟ. ಬೆರಳು ತಂತಿಯ ಮೇಲೆ ಜಾರುವ ಕಿರ್ ಸದ್ದು ಕೇಳಿಸುತ್ತದಲ್ಲ, ಅದಕ್ಕೇ ನಾನೂ ಆಗಾಗ ಮುಂದೆ ಹೋಗುತ್ತೇನೆ.

ಮತ್ತೆ, ಬಾರಿನ ಮಿಕ್ಸಿಯಿಂದ ದೂರ ಇರಿ. ಒಂದು ಕಡೆ, ಹೆಸರು ಬೇಡ, ಗಾಯಕಿ ತೀರಿಹೋದ ಅಜ್ಜಿಯ ಮೇಲೆ ಬರೆದ ಹಾಡಿನ ಕೊನೆಯ ಸಾಲಿಗೆ ಬಂದಿದ್ದರು. ಅದೇ ಹೊತ್ತಿಗೆ ನನ್ನ ಬೆನ್ನ ಹಿಂದೆ ಯಾರಿಗೋ ಮಿಲ್ಕ್‌ಶೇಕ್ ತಯಾರಾಯಿತು.

ಕಿವಿ ನೋವು ಬರತ್ತಾ?

ಒಬ್ಬರೇ ಗಿಟಾರ್ ಹಿಡಿದು ಹಾಡಿದರೆ ಅಷ್ಟು ಭಯ ಇಲ್ಲ. ಡ್ರಮ್ಸ್ ಬಂದರೆ ಲೆಕ್ಕ ಬದಲಾಗುತ್ತದೆ. ಕೆಲಸದ ಜಾಗದ ಸದ್ದಿಗೆ ಅಮೆರಿಕದ ನಿಯಾಷ್ ಸಂಸ್ಥೆ ಇಟ್ಟಿರುವ ಮಿತಿ ಹೀಗಿದೆ: 85 ಡೆಸಿಬಲ್ ಆದರೆ 8 ಗಂಟೆ ತಡೆಯಬಹುದು. ಪ್ರತಿ 3 ಡೆಸಿಬಲ್ ಹೆಚ್ಚಿದಂತೆ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ಪೂರ್ತಿ ಬ್ಯಾಂಡ್ ಇರುವ ಕ್ಲಬ್ಬಿನಲ್ಲಿ 100 ಮುಟ್ಟುವುದು ದೊಡ್ಡ ಮಾತಲ್ಲ.

ಮೆಡಿಕಲ್ ಶಾಪಿನ ಸ್ಪಂಜಿನ ಇಯರ್‌ಪ್ಲಗ್ ಕೆಲವೇ ರೂಪಾಯಿ, ಆದರೆ ಅದು ತಾರಕದ ಸದ್ದನ್ನು ಹೆಚ್ಚು ನುಂಗುತ್ತದೆ. ಕಂಬಳಿ ಹೊದ್ದು ಕೇಳಿದ ಹಾಗಾಗುತ್ತದೆ. ಸಂಗೀತದವರಿಗೆಂದೇ ಮಾಡಿದ ಪ್ಲಗ್ ಎಲ್ಲವನ್ನೂ ಸಮವಾಗಿ ತಗ್ಗಿಸುತ್ತದೆ. ಪದೇ ಪದೇ ಹೋಗುವವರಾದರೆ ಅದಕ್ಕೆ ದುಡ್ಡು ಹಾಕಿ. ಮನೆಗೆ ಬಂದ ಮೇಲೆ ಕಿವಿಯಲ್ಲಿ ಜೀರುಂಡೆ ಕೂಗುತ್ತಿದ್ದರೆ ಅವತ್ತು ಜಾಸ್ತಿ ಆಯಿತು ಅಂತ ಅರ್ಥ.

ಪಬ್ ಅಲ್ವಾ, ಮಾತಾಡಿದ್ರೆ ತಪ್ಪೇನು?

ಡ್ಯಾನ್ಸ್ ರಾತ್ರಿಯಾದರೆ ತಪ್ಪಿಲ್ಲ. ಒಬ್ಬರೇ ನಿಂತು ಪಿಸುದನಿಯಲ್ಲಿ ಹಾಡುವಾಗ ತಪ್ಪು. ಈ ವಿಷಯದಲ್ಲಿ ನಾನು ಸ್ವಲ್ಪ ಜಗಳಗಂಟಿ, ಮೊದಲೇ ಹೇಳಿಬಿಡುತ್ತೇನೆ.

ಸಾವಿರಾರು ಜನರ ಮೈದಾನದಲ್ಲಿ ನಿಮ್ಮ ಮಾತು ಕರಗಿ ಹೋಗುತ್ತದೆ. ಎಂಬತ್ತು ಜನರ ಕೋಣೆಯಲ್ಲಿ ಮೂರು ಜನ ಮಾತಾಡಿದರೆ ವೇದಿಕೆಗೆ ಪದ ಪದವೂ ಕೇಳುತ್ತದೆ. ಗೊತ್ತಿರುವುದು ಯಾಕೆಂದರೆ ಒಮ್ಮೆ ಆ ಮೂವರಲ್ಲಿ ನಾನೂ ಒಬ್ಬಳಾಗಿದ್ದೆ. ಶುರುವಿನ ದಿನಗಳು. ಗೆಳತಿಯ ಮನೆ ಓನರ್ ಅಡ್ವಾನ್ಸ್ ವಾಪಸ್ ಕೊಡದ ಕಥೆ ನಡೆದಿತ್ತು. ಗಾಯಕರು ಹಾಡು ನಿಲ್ಲಿಸಿ, ನಗುತ್ತಲೇ ಮೈಕಿನಲ್ಲಿ ಕೇಳಿದರು: 'ಕೊನೆಗೆ ಎಷ್ಟು ಕೊಟ್ಟರು?' ಎಲ್ಲರೂ ನಕ್ಕರು. ನನಗೆ ನೆಲ ಬಿರಿದು ಒಳಗೆ ಹೋಗುವ ಹಾಗಾಯಿತು.

ಹಾಡುಗಳ ನಡುವೆ ಮಾತಾಡಿ. ತಡೆಯಲಾಗದಿದ್ದರೆ ಹೊರಗೆ ಹೋಗಿ ಮುಗಿಸಿಕೊಂಡು ಬನ್ನಿ. ಪಕ್ಕದವರು ಮಾತಾಡುತ್ತಿದ್ದರೆ 'ಶ್' ಅನ್ನಬೇಡಿ, ಜನಕ್ಕೆ ಸಿಟ್ಟು ಬರುತ್ತದೆ. ಹತ್ತಿರ ಹೋಗಿ 'ಈ ಹಾಡು ಒಂದು ಕೇಳಿಬಿಡ್ತೀನಿ' ಅನ್ನಿ. ನನಗೆ ಹತ್ತಕ್ಕೆ ಎಂಟು ಸಲ ಕೆಲಸ ಮಾಡಿದೆ.

ವಿಡಿಯೋ ಮಾಡಬಹುದಾ?

ಒಂದು ಹಾಡು ಮಾಡಿಕೊಳ್ಳಿ. ಫ್ಲಾಶ್ ಬೇಡ. ಮೊಬೈಲ್ ಎದೆಯ ಮಟ್ಟದಲ್ಲಿ ಹಿಡಿಯಿರಿ, ಹಿಂದಿನವರು ಟಿಕೆಟ್ ಕೊಟ್ಟಿರುವುದು ನಿಮ್ಮ ಸ್ಕ್ರೀನ್ ನೋಡಲು ಅಲ್ಲ. 'ಇದು ಇನ್ನೂ ಹೊರಗೆ ಬಂದಿಲ್ಲ, ರೆಕಾರ್ಡ್ ಮಾಡಬೇಡಿ' ಅಂದರೆ ಜೇಬಿಗೆ ಹಾಕಿ. ಹಸಿ ಹಾಡು ಊರೆಲ್ಲಾ ಹರಡಿದರೆ ಅದನ್ನು ತಿದ್ದುವ ಸ್ವಾತಂತ್ರ್ಯ ಅವರ ಕೈ ತಪ್ಪುತ್ತದೆ.

ಬೇರೆ ಭಾಷೆಯವರು ಬಂದಾಗ 'ಕನ್ನಡ ಹಾಡಿ' ಅಂತ ಕೂಗಬಹುದಾ?

ಇದಕ್ಕೆ ಎರಡು ಉತ್ತರ ಇದೆ.

ಮೊದಲನೆಯದು. ಆರ್ಕೆಸ್ಟ್ರಾದಲ್ಲಿ ಚೀಟಿ ಕಳಿಸಿದರೆ ಬೇಕಾದ ಹಾಡು ಬರುತ್ತದೆ, ಗಣೇಶೋತ್ಸವದ ಪೆಂಡಾಲಿನಲ್ಲಿ ನಮಗೆಲ್ಲ ಅದೇ ಅಭ್ಯಾಸ. ಇಲ್ಲಿ ಬಂದಿರುವವರು ತಾವು ಬರೆದದ್ದನ್ನು ಹಾಡಲು ಬಂದವರು. ಜೈಪುರದಿಂದಲೋ ಶಿಲ್ಲಾಂಗ್‌ನಿಂದಲೋ ಬಂದವರು ಕನ್ನಡದಲ್ಲಿ ಬರೆದೇ ಇಲ್ಲದಿದ್ದರೆ ಎಲ್ಲಿಂದ ಹಾಡುತ್ತಾರೆ? ಕೂಗಿದರೆ ಅವರಿಗೆ ಮುಜುಗರ, ಕೋಣೆಗೆ ಮುಜುಗರ.

ಎರಡನೆಯದು. ಕನ್ನಡದಲ್ಲಿ ಬರೆಯುವವರು ಈ ಊರಿನಲ್ಲೇ ಇದ್ದಾರೆ. ಅವರ ಗಿಗ್‌ಗೆ ಮೂವತ್ತು ಜನವೂ ಬರುವುದಿಲ್ಲ. ಜಾಗ ನಡೆಸುವವರು ನೋಡುವುದು ಟಿಕೆಟ್ ಲೆಕ್ಕ. ಕೂಗುವವರು ಆ ರಾತ್ರಿ ಅಲ್ಲಿ ಟಿಕೆಟ್ ತೆಗೆದುಕೊಂಡರೆ ಮುಂದಿನ ಸಲ ಆ ಜಾಗದವರೇ ಫೋನ್ ಮಾಡಿ ಕನ್ನಡದವರನ್ನು ಕರೆಯುತ್ತಾರೆ. ಅವರದೇ ಹಳೆಯ ಹಾಡೊಂದನ್ನು ಕೇಳುವುದಾದರೆ ಧಾರಾಳವಾಗಿ ಕೇಳಿ, ಹಾಡುಗಳ ನಡುವೆ, ಒಂದೇ ಸಲ.

ಅಷ್ಟೊತ್ತು ಗಿಟಾರ್ ಶ್ರುತಿ ಮಾಡ್ತಾ ಇರ್ತಾರಲ್ಲ, ಮನೇಲೇ ಮಾಡ್ಕೊಂಡು ಬರಬಾರದಾ?

ಮಾಡಿಕೊಂಡೇ ಬಂದಿರುತ್ತಾರೆ. ಸಂಜೆ ಸೌಂಡ್‌ಚೆಕ್ ಹೊತ್ತಿಗೆ, ಅಂದರೆ ಜನ ಬರುವ ಮುಂಚೆ ಮೈಕು, ವಾದ್ಯದ ಸದ್ದು ಪರೀಕ್ಷಿಸಿಕೊಳ್ಳುವಾಗ, ಕೋಣೆ ಖಾಲಿ, ಏಸಿ ತಣ್ಣಗೆ. ಒಂಬತ್ತಕ್ಕೆ ನೂರು ಜನರ ಮೈಬಿಸಿ, ವೇದಿಕೆಯ ಲೈಟಿನ ಕಾವು. ಕಾವಿಗೆ ತಂತಿ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಮೃದಂಗದವರು ಕಛೇರಿಯ ಮಧ್ಯೆ ಕಲ್ಲು ತೆಗೆದು ಕುಟ್ಟುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಕೆಲವು ಹಾಡಿಗೆ ಬೇರೆಯದೇ ಶ್ರುತಿ ಬೇಕು. ದಪ್ಪ ತಂತಿಯನ್ನು ಒಂದು ಸ್ವರ ಇಳಿಸಿಕೊಂಡರೆ ತಂಬೂರಿಯ ಹಾಗೆ ಕೆಳಗೆ ಗುನುಗುತ್ತಾ ಇರುತ್ತದೆ. ದೊಡ್ಡ ಕಲಾವಿದರ ಬಳಿ ಇದಕ್ಕೆಂದೇ ನಾಲ್ಕು ಗಿಟಾರ್, ಎತ್ತಿ ಕೊಡಲು ಆಳು ಇರುತ್ತಾರೆ. ಇವರ ಬಳಿ ಇರುವುದು ಒಂದೇ. ಆ ಹೊತ್ತಿನಲ್ಲೇ ಅವರು ಹಾಡು ಹುಟ್ಟಿದ ಕಥೆ ಹೇಳುವುದು. ಹಾಡಿಗಿಂತ ಕಥೆಯೇ ಚೆನ್ನಾಗಿದ್ದದ್ದೂ ಉಂಟು.

ನನಗೆ 58. ಹುಡುಗರ ಮಧ್ಯೆ ನಾನೊಬ್ಬ ಮುದುಕ ಅನ್ನಿಸಲ್ವಾ?

ಮೊದಲ ಹತ್ತು ನಿಮಿಷ ಅನ್ನಿಸುತ್ತದೆ. ಆಮೇಲೆ ಲೈಟ್ ಆರಿಸುತ್ತಾರೆ. ಮಂಡಿನೋವು ಇದ್ದರೆ ಹಿಂದಿನ ದಿನ ಫೋನ್ ಮಾಡಿ 'ಕೂರಲು ಕುರ್ಚಿ ಬೇಕು' ಅನ್ನಿ. ಸಾಮಾನ್ಯವಾಗಿ ಇಟ್ಟುಕೊಡುತ್ತಾರೆ.

ಮುಗಿದ ಮೇಲೆ ಹೋಗಿ ಮಾತಾಡಿಸಬಹುದಾ? ಏನಂತ ಮಾತಾಡೋದು?

ಸಣ್ಣ ಗಿಗ್‌ನ ಸುಖವೇ ಅದು, ಹಾಡಿದವರು ಅಲ್ಲೇ ತಮ್ಮ ಕೇಬಲ್ ತಾವೇ ಸುತ್ತುತ್ತಿರುತ್ತಾರೆ. ಸುತ್ತಿ ಮುಗಿಯಲಿ. ಆಮೇಲೆ ಹೋಗಿ ಯಾವ ಹಾಡು, ಯಾವ ಸಾಲು ಹಿಡಿಸಿತು ಹೇಳಿ. 'ಸೂಪರ್' ಅನ್ನುವುದನ್ನು ಅವರು ರಾತ್ರಿಯೆಲ್ಲ ಕೇಳಿರುತ್ತಾರೆ. 'ಸಿನಿಮಾಗೆ ಯಾಕೆ ಹಾಡಲ್ಲ?' ಅಂತ ದಯವಿಟ್ಟು ಕೇಳಬೇಡಿ. ಅದೊಂದು ಪ್ರಶ್ನೆಗೆ ಎಷ್ಟೋ ಕನ್ನಡ ಗಾಯಕರ ಮುಖ ಸಪ್ಪಗಾದದ್ದನ್ನು ಕಂಡಿದ್ದೇನೆ.

## ಸ್ವಲ್ಪ ಒಳಗಿನ ವಿಷಯ

ಹಾಡಿದವರಿಗೆ ನಿಜಕ್ಕೂ ಎಷ್ಟು ಸಿಗತ್ತೆ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. 499ರ ಟಿಕೆಟ್, 80 ಜನ. ಒಟ್ಟು 39,920 ರೂಪಾಯಿ. ಜಾಗದವರ ಜೊತೆ 70-30ರ ಒಪ್ಪಂದ ಅಂದುಕೊಂಡರೆ ಕಲಾವಿದರ ಪಾಲು 27,944. ಅದರಲ್ಲಿ ಕಹೋನ್ ಅನ್ನುವ ಮರದ ಪೆಟ್ಟಿಗೆಯಂಥ ತಾಳವಾದ್ಯ ಬಾರಿಸುವ ಗೆಳೆಯನಿಗೆ 6,000. ಬಸ್ಸು, ಉಳಿಯುವ ಖರ್ಚು 5,000. ಫೋಟೋದವರಿಗೆ 3,000. ಅಭ್ಯಾಸದ ಕೋಣೆಗೆ 2,000. ಉಳಿಯುವುದು ಹನ್ನೆರಡು ಸಾವಿರದ ಒಳಗೆ. ಇಂಥ ಗಿಗ್ ತಿಂಗಳಿಗೆ ಎರಡು ಸಿಕ್ಕರೆ ಅದೃಷ್ಟ. ಮಳೆ ಬಂದು 80ರ ಬದಲು 35 ಜನ ಬಂದರೆ ಕೈಯಿಂದಲೇ ಹೋಗುತ್ತದೆ.

ಈಗ ಬಾಗಿಲ ಬಳಿ ಇಟ್ಟಿರುವ ಟೀ ಶರ್ಟ್ ನೋಡಿ. 600 ರೂಪಾಯಿ, ಮಾಡಿಸಲು 300 ಬಿದ್ದಿದೆ ಅಂದುಕೊಳ್ಳಿ. ಇಪ್ಪತ್ತು ಹೋದರೆ 6,000 ಕೈಗೆ. ಇಡೀ ಗಿಗ್‌ನಲ್ಲಿ ಉಳಿದದ್ದರ ಅರ್ಧ! ಆನ್‌ಲೈನ್ ಕೇಳಿದರೆ ಸಾಲದಾ ಅಂದರೆ, ಕೇಳಿ, ಬೇಡ ಅನ್ನುವುದಿಲ್ಲ. ಆದರೆ 2024ರಿಂದ ಸ್ಪಾಟಿಫೈನಲ್ಲಿ ವರ್ಷಕ್ಕೆ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಒಂದು ಪೈಸೆಯೂ ಲೆಕ್ಕಕ್ಕೆ ಬರುವುದಿಲ್ಲ. ಹೊಸಬರ ಎಷ್ಟೋ ಹಾಡುಗಳು ಆ ಗೆರೆಯ ಕೆಳಗೇ ಇರುತ್ತವೆ.

ಹಾಗಾಗಿ ಟಿಕೆಟ್ ಇಲ್ಲದೆ ಒಳಗೆ ಬಿಡುವವರ ಪಟ್ಟಿಗೆ, ಅಂದರೆ 'ಗೆಸ್ಟ್ ಲಿಸ್ಟ್‌ಗೆ ನಮ್ಮ ಹೆಸರು ಹಾಕಿಸು' ಅಂತ ಗೆಳೆಯರನ್ನು ಕೇಳುವ ಮುಂಚೆ ಒಂದು ಸಲ ಯೋಚಿಸಿ. ಕೇಳುವವರು ಹೆಚ್ಚಾಗಿ ಅದೇ ರಾತ್ರಿ ಎರಡು ಸಾವಿರದ ಬಿಲ್ ಮಾಡುವವರೇ.

ಬೆಂಗಳೂರಲ್ಲಿ ಲೈವ್ ಮ್ಯೂಸಿಕ್ ಬ್ಯಾನ್ ಆಗಿತ್ತಂತೆ, ನಿಜಾನಾ?

ನೇರವಾಗಿ ಸಂಗೀತವನ್ನೇ ನಿಷೇಧಿಸಿದ್ದಲ್ಲ. ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಪೊಲೀಸ್ ಲೈಸೆನ್ಸ್ ಬೇಕು ಅಂತ 2005ರ ಒಂದು ಆದೇಶ ಇತ್ತು. ಡ್ಯಾನ್ಸ್ ಬಾರ್‌ಗಳನ್ನು ಹದ್ದುಬಸ್ತಿನಲ್ಲಿಡುವುದು ಅದರ ದೊಡ್ಡ ಉದ್ದೇಶ. ಅದು ಕೋರ್ಟಿಗೆ ಹೋಗಿ, ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿ ಹಿಡಿಯಿತು. ಆ ವರ್ಷ ಲೈಸೆನ್ಸ್ ಇಲ್ಲದ ಪಬ್ಬುಗಳಿಗೆ ಪೊಲೀಸರು ಲೈವ್ ಮ್ಯೂಸಿಕ್ ನಿಲ್ಲಿಸಿ ಅಂದರು. ಲೈಸೆನ್ಸ್‌ಗೆ ಕಟ್ಟಡದ ಓಸಿ (ವಾಸಯೋಗ್ಯ ಪ್ರಮಾಣಪತ್ರ) ಬೇಕು, ಅಗ್ನಿಶಾಮಕದವರ ಒಪ್ಪಿಗೆ ಬೇಕು. ಬೆಂಗಳೂರಿನಲ್ಲಿ ಓಸಿ ಇಲ್ಲದ ಕಟ್ಟಡ ಎಷ್ಟಿವೆ ಅಂತ ನಿಮಗೇ ಗೊತ್ತು. ಡ್ಯಾನ್ಸ್ ಬಾರ್‌ಗೆ ಬೀಸಿದ ಬಲೆಯಲ್ಲಿ ಗಿಟಾರ್ ಹಿಡಿದವರು ಸಿಕ್ಕಿಕೊಂಡರು. ಎಷ್ಟೋ ಗಿಗ್‌ಗಳು ಕಡೇ ಗಳಿಗೆಯಲ್ಲಿ ರದ್ದಾದವು.

ಅಕ್ಕಪಕ್ಕದ ಮನೆಯವರ ಸಂಕಟವೂ ಸುಳ್ಳಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ, ಮುಚ್ಚಿದ ಸಭಾಂಗಣದಂಥ ಜಾಗ ಬಿಟ್ಟು. ವಾಸದ ಬಡಾವಣೆಯಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ಟೆರೇಸ್ ಮೇಲಿನ ಗಿಗ್‌ಗಳು ಹತ್ತಕ್ಕೆ ಸರಿಯಾಗಿ ನಿಲ್ಲುವುದು ಇದಕ್ಕೇ. ಬಾರು, ರೆಸ್ಟೋರೆಂಟು ರಾತ್ರಿ 1ರವರೆಗೆ ತೆರೆದಿರಬಹುದಾದರೂ ಮೈಕಿನ ಗಡಿಯಾರ ಬೇರೆ.

ನಮ್ಮನೇಲೇ ಒಂದು ಇಟ್ಟುಕೊಳ್ಳಬಹುದಾ?

ಖಂಡಿತ. ಲಂಡನ್ನಿನಲ್ಲಿ 2009ರಲ್ಲಿ ಶುರುವಾದ ಸೋಫಾರ್ ಸೌಂಡ್ಸ್‌ನವರು ಮನೆ ಹಾಲಿನಲ್ಲಿ ಗಿಗ್ ಮಾಡುವುದನ್ನು ಊರೂರಿಗೆ ಹಬ್ಬಿಸಿದರು. ಆದರೆ ಮನೆ ಕಛೇರಿ ನಮಗೇನು ಹೊಸದಾ? ನಾಮಕರಣಕ್ಕೆ, ಗೃಹಪ್ರವೇಶಕ್ಕೆ ಜಮಖಾನ ಹಾಸಿ ಹಾಡಿಸಿದ ಮನೆಗಳು ಮಲ್ಲೇಶ್ವರ, ಬಸವನಗುಡಿಯಲ್ಲಿ ಎಷ್ಟಿಲ್ಲ.

ನಾನು ಎರಡು ಸಲ ಮಾಡಿದ್ದೇನೆ. ನಮ್ಮ ಹಾಲಿನಲ್ಲಿ ಸೋಫಾ ಹೊರಗಿಟ್ಟರೆ ಮೂವತ್ತು ಜನ ಹಿಡಿಸುತ್ತಾರೆ. ಮೈಕ್ ಬೇಕಿಲ್ಲ, ಅಷ್ಟು ಜಾಗಕ್ಕೆ ಬರೀ ದನಿ ಸಾಕು. ಗೋಡೆ ಬೋಳಾಗಿದ್ದರೆ ಸದ್ದು ಗಂಯ್ ಅನ್ನುತ್ತದೆ, ದಪ್ಪ ಪರದೆ, ಜಮಖಾನ ಇದ್ದರೆ ತಡೆಯುತ್ತದೆ. ಸಂಜೆ ಆರಕ್ಕೆ ಶುರು ಮಾಡಿ ಎಂಟಕ್ಕೆ ಮುಗಿಸಿ. ಕೆಳಗಿನ ಮನೆಯವರಿಗೆ ಹಿಂದಿನ ದಿನವೇ ಹೇಳಿ. ಇನ್ನೂ ಒಳ್ಳೆಯದೆಂದರೆ ಅವರನ್ನೇ ಕರೆಯಿರಿ. ಕರೆಸಿಕೊಂಡವರು ದೂರು ಕೊಡುವುದಿಲ್ಲ. ಕಲಾವಿದರಿಗೆ ಎಷ್ಟು ಅಂತ ಮೊದಲೇ ಮಾತಾಡಿ, ಹುಂಡಿ ಇಟ್ಟು 'ಬಂದಷ್ಟು' ಅನ್ನಬೇಡಿ. ಊಟ ನಿಮ್ಮ ಕಡೆಯಿಂದ. ನಮ್ಮಲ್ಲಿ ಪುಳಿಯೋಗರೆ, ಮೊಸರನ್ನ ಮಾಡಿದ್ದೆವು. ಹಾಡಿದವರು ಎರಡು ಡಬ್ಬಿ ಕಟ್ಟಿಸಿಕೊಂಡು ಹೋದರು.

ಶುರು ಆಗುವ ಮುಂಚೆ ಫ್ರಿಜ್ ಆಫ್ ಮಾಡಿ, ಆ ಗುಂಯ್ ಸದ್ದು ನಿಶ್ಶಬ್ದದಲ್ಲೇ ಗೊತ್ತಾಗುವುದು. ಮುಗಿದ ಮೇಲೆ ಮರೆಯದೆ ಆನ್ ಮಾಡಿ, ನಾನು ಒಮ್ಮೆ ಮರೆತು ಎರಡು ಲೀಟರ್ ಹಾಲು ಒಡೆಯಿತು. ಕಾಲಿಂಗ್ ಬೆಲ್ ಸ್ವಿಚ್ ತೆಗೆಯಿರಿ. ಮಿಕ್ಕಿದ್ದು ಬಾಗಿಲ ಮುಂದಿನ ಮೂವತ್ತು ಜೊತೆ ಚಪ್ಪಲಿ. ಎರಡು ಸಲವೂ ಯಾರೋ ಒಬ್ಬರು ಇನ್ನೊಬ್ಬರದ್ದನ್ನು ಮೆಟ್ಟಿಕೊಂಡು ಹೋಗಿದ್ದರು. ಒಂದು ಕಪ್ಪು ಸ್ಯಾಂಡಲ್ ಇನ್ನೂ ನಮ್ಮ ಮನೆಯಲ್ಲೇ ಇದೆ, ಎಡಗಾಲಿಂದು.